ಅಪರಾಧ ದಾಖಲೆ ಇರುವವರನ್ನು ನೌಕರಿಗೆ, ಸ್ವಯಂಸೇವೆಗೆ ಸೇರಿಸಿಕೊಳ್ಳುವುದು ಹೇಗೆ: ಸಂಸ್ಥೆಗಳಿಗೆ ಸಮಗ್ರ ಮಾರ್ಗದರ್ಶಿ

ಅರ್ಜಿ ನಮೂನೆಯ ಕೊನೆಗೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: "ನಿಮ್ಮ ಮೇಲೆ ಯಾವುದಾದರೂ ಕ್ರಿಮಿನಲ್ ಪ್ರಕರಣ ಇದೆಯೇ? ಹೌದು / ಇಲ್ಲ." ಬಹಳ ಕಡೆ "ಹೌದು" ಎಂದು ಗುರುತು ಬಿದ್ದ ಅರ್ಜಿ ಅಲ್ಲಿಗೇ ಮುಗಿಯಿತು. ಕಾಲೇಜಿನ ದಿನಗಳಲ್ಲಿ ಪ್ರತಿಭಟನೆಗೆ ಹೋಗಿ ಕೇಸು ಹಾಕಿಸಿಕೊಂಡವರು, ಹತ್ತು ವರ್ಷದ ಹಿಂದೆ ಜಗಳದಲ್ಲಿ ಕೈಮಾಡಿ ಶಿಕ್ಷೆ ಮುಗಿಸಿ ಬಂದವರು, ಹೋದ ವರ್ಷ ಕಂಪನಿಯ ಹಣ ಎತ್ತಿದವರು, ಎಲ್ಲರೂ ಆ ಒಂದೇ "ಹೌದು"ವಿನೊಳಗೆ ಸೇರಿಹೋಗುತ್ತಾರೆ. ಸತ್ಯ ಬರೆದ ಮೊದಲ ಇಬ್ಬರನ್ನು ಸಂಸ್ಥೆ ಕಳೆದುಕೊಳ್ಳುತ್ತದೆ. ನಿಜಕ್ಕೂ ವಿಚಾರಿಸಬೇಕಿದ್ದ ಮೂರನೆಯವರು "ಇಲ್ಲ" ಎಂದು ಬರೆದು ಒಳಗೆ ಬರುತ್ತಾರೆ.

ಈ ಗುರುತಿನ ಬೆಲೆ ಎಷ್ಟೆಂದು ಅಳೆದವರಿದ್ದಾರೆ. ಸಮಾಜಶಾಸ್ತ್ರಜ್ಞೆ ದೇವಾ ಪೇಜರ್ ಅಮೆರಿಕದ ಮಿಲ್ವಾಕಿಯಲ್ಲಿ ಒಂದೇ ಬಗೆಯ ಅರ್ಹತೆ ತೋರಿಸುವ ಯುವಕರನ್ನು ಕೆಲಸ ಕೇಳಲು ಕಳಿಸಿ, ಅದರ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ದಾಖಲೆ ಇಲ್ಲದ ಬಿಳಿಯರಲ್ಲಿ ಶೇ. 34 ಮಂದಿಗೆ ಮರಳಿ ಕರೆ ಬಂತು, ದಾಖಲೆ ಇದೆ ಎಂದವರಲ್ಲಿ ಶೇ. 17. ಕಪ್ಪು ಯುವಕರಲ್ಲಿ ಈ ಅಂಕಿ ಶೇ. 14 ಮತ್ತು ಶೇ. 5. ಅಂದರೆ ದಾಖಲೆಯೇ ಇಲ್ಲದ ಕಪ್ಪು ಯುವಕನಿಗಿಂತ ದಾಖಲೆ ಇರುವ ಬಿಳಿಯ ಯುವಕನಿಗೆ ಹೆಚ್ಚು ಕರೆ ಬಂದಿದೆ. ಕೆಲಸ ಕೊಡುವವರು ಅಪಾಯವನ್ನೇ ತೂಗುತ್ತಿದ್ದರೆ ಹೀಗಾಗುತ್ತಿರಲಿಲ್ಲ.

ಈ ಮಾರ್ಗದರ್ಶಿಯ ಇಡೀ ವಿಧಾನ ನಿಂತಿರುವುದು ಒಂದು ಕ್ರಮದ ಮೇಲೆ: ಮೊದಲು ಹುದ್ದೆಯನ್ನು ತೂಗಿ, ಆಮೇಲೆ ವ್ಯಕ್ತಿಯನ್ನು. ಯಾವ ಅಪರಾಧ ಈ ಕೆಲಸಕ್ಕೆ ಅಡ್ಡಿ, ಯಾವುದು ಅಲ್ಲ ಎಂಬುದು ಅಭ್ಯರ್ಥಿಯ ಹೆಸರು ತಿಳಿಯುವ ಮೊದಲೇ ಕಾಗದದ ಮೇಲೆ ಇರಬೇಕು. ಹೆಸರು, ಮುಖ, ಊರು, ಜಾತಿ ತಿಳಿದ ಮೇಲೆ ಮಾಡುವ ತೀರ್ಮಾನ ಎಷ್ಟೇ ಒಳ್ಳೆಯ ಮನಸ್ಸಿನದಾದರೂ ಒಂದೇ ಅಳತೆಯಲ್ಲಿ ಇರುವುದಿಲ್ಲ.

ಹಂತ 1: "ದಾಖಲೆ" ಎಂದರೆ ಏನೆಂದು ಸಂಸ್ಥೆಯೊಳಗೆ ಒಪ್ಪಿಕೊಳ್ಳಿ

ಎಚ್‌ಆರ್‌ನವರು, ವಿಭಾಗದ ಮುಖ್ಯಸ್ಥರು, ಸ್ವಯಂಸೇವಕರನ್ನು ನೋಡಿಕೊಳ್ಳುವವರು ಒಬ್ಬೊಬ್ಬರೂ ಈ ಪದವನ್ನು ಒಂದೊಂದು ಅರ್ಥದಲ್ಲಿ ಬಳಸುತ್ತಾರೆ. ನೀತಿ ಬರೆಯುವ ಮುಂಚೆ ಈ ಹಂತಗಳನ್ನು ಬೇರೆ ಬೇರೆಯಾಗಿ ನೋಡಿ.

ಎಫ್‌ಐಆರ್ ಎಂದರೆ ಪೊಲೀಸರು ದೂರು ದಾಖಲಿಸಿಕೊಂಡಿದ್ದಾರೆ, ಅಷ್ಟೇ. ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಏನೂ ಸಾಬೀತಾಗಿಲ್ಲ. ಚಾರ್ಜ್‌ಶೀಟ್ ಎಂದರೆ ತನಿಖೆ ಮುಗಿದು ನ್ಯಾಯಾಲಯಕ್ಕೆ ಆರೋಪಪಟ್ಟಿ ಹೋಗಿದೆ. ವಿಚಾರಣೆ ಬಾಕಿ ಇರುವವರು ಕಾನೂನಿನ ಕಣ್ಣಲ್ಲಿ ಆರೋಪಿಗಳೇ ಹೊರತು ಅಪರಾಧಿಗಳಲ್ಲ. ಭಾರತದ ಜೈಲುಗಳಲ್ಲಿರುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ಇಂಥ ವಿಚಾರಣಾಧೀನ ಕೈದಿಗಳು. "ಜೈಲಲ್ಲಿದ್ದ" ಎಂಬ ಮಾತಿಗೆ "ತಪ್ಪಿತಸ್ಥ" ಎಂಬ ಅರ್ಥ ತಾನಾಗಿ ಬರುವುದಿಲ್ಲ ಎಂಬುದನ್ನು ಸಂದರ್ಶನ ಮಾಡುವ ಪ್ರತಿಯೊಬ್ಬರೂ ನೆನಪಿಡಬೇಕು. ಇನ್ನು ಖುಲಾಸೆ, ರಾಜಿ, ಹೈಕೋರ್ಟಿನಲ್ಲಿ ಪ್ರಕರಣವೇ ರದ್ದಾಗುವುದು, ಕೊನೆಗೆ ಶಿಕ್ಷೆ: ಇವೆಲ್ಲ ಬೇರೆ ಬೇರೆ ಅಂತ್ಯಗಳು.

ಇಲ್ಲೇ ಒಂದು ಗೊಂದಲವೂ ಇದೆ. ಸಣ್ಣ ಪ್ರಕರಣಗಳಲ್ಲಿ "ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡಿ, ಓಡಾಟ ತಪ್ಪುತ್ತದೆ" ಎಂಬ ಸಲಹೆ ಪಡೆದು ದಂಡ ಕಟ್ಟಿ ಮನೆಗೆ ಬಂದವರು ಬಹಳ ಜನ. ಕೇಸು ಅಲ್ಲಿಗೆ ಮುಗಿಯಿತೆಂದು ಅವರು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಕಾನೂನಿನ ಲೆಕ್ಕದಲ್ಲಿ ಅದೂ ಶಿಕ್ಷೆಯೇ. ಮುಂದೆ ಪರಿಶೀಲನೆಯಲ್ಲಿ ಅದು ಕಂಡಾಗ "ಸುಳ್ಳು ಹೇಳಿದ್ದೀರಿ" ಎನ್ನುವ ಮೊದಲು ಈ ಸಾಧ್ಯತೆಯನ್ನು ಕೇಳಿ ನೋಡಿ.

ಹಂತ 2: ಕಾನೂನು ಮುಚ್ಚಿರುವ ಬಾಗಿಲುಗಳನ್ನು ಪಟ್ಟಿ ಮಾಡಿ

ಕೆಲವು ಹುದ್ದೆಗಳಲ್ಲಿ ತೀರ್ಮಾನ ನಿಮ್ಮ ಕೈಯಲ್ಲಿ ಇರುವುದೇ ಇಲ್ಲ. ಆ ಪಟ್ಟಿ ನಾವು ಅಂದುಕೊಳ್ಳುವುದಕ್ಕಿಂತ ಚಿಕ್ಕದು. ವಕೀಲರ ಜೊತೆ ಒಮ್ಮೆ ಕೂತು ಅದನ್ನು ಸಿದ್ಧಪಡಿಸಿಕೊಳ್ಳಿ.

ಭಾರತದಲ್ಲಿ 2013ರ ಕಂಪನಿ ಕಾಯ್ದೆಯ ಸೆಕ್ಷನ್ 164ರ ಪ್ರಕಾರ ಆರು ತಿಂಗಳು ಅಥವಾ ಹೆಚ್ಚಿನ ಜೈಲು ಶಿಕ್ಷೆ ಅನುಭವಿಸಿದವರು ಶಿಕ್ಷೆ ಮುಗಿದು ಐದು ವರ್ಷ ಕಳೆಯುವವರೆಗೆ ನಿರ್ದೇಶಕರಾಗುವಂತಿಲ್ಲ. ಶಿಕ್ಷೆ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನದಾದರೆ ಎಂದಿಗೂ ಆಗುವಂತಿಲ್ಲ. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆ ಶಿಕ್ಷೆಯಾದವರನ್ನು ಗಾರ್ಡ್ ಆಗಿ ನೇಮಿಸಲು ಬಿಡುವುದಿಲ್ಲ. 2020ರ ಪೋಕ್ಸೋ ನಿಯಮಗಳು ಮಕ್ಕಳೊಂದಿಗೆ ನಿಯಮಿತವಾಗಿ ಒಡನಾಡುವ ಸಂಸ್ಥೆಗಳ ಸಿಬ್ಬಂದಿಗೆ ಪೊಲೀಸ್ ವೆರಿಫಿಕೇಶನ್ ಕಡ್ಡಾಯ ಮಾಡಿವೆ, ಅದೂ ಒಮ್ಮೆ ಮಾಡಿ ಬಿಡುವಂಥದ್ದಲ್ಲ, ಕಾಲಕಾಲಕ್ಕೆ.

ಕಾನೂನು ತೆರೆದಿಟ್ಟ ಬಾಗಿಲುಗಳೂ ಇವೆ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 24ರಂತೆ ಬಾಲ್ಯದಲ್ಲಿ ಮಾಡಿದ ತಪ್ಪಿನ ಕಾರಣಕ್ಕೆ ಯಾರಿಗೂ ಅನರ್ಹತೆ ಅಂಟುವುದಿಲ್ಲ. ಹದಿನಾರು ದಾಟಿದವರನ್ನು ಮಕ್ಕಳ ನ್ಯಾಯಾಲಯ ವಯಸ್ಕರಂತೆ ವಿಚಾರಿಸಿ ಶಿಕ್ಷಿಸಿದ ಪ್ರಕರಣಗಳಿಗೆ ಮಾತ್ರ ಈ ರಕ್ಷಣೆ ಇಲ್ಲ. ಹಾಗಾಗಿ ಹದಿನೆಂಟು ತುಂಬುವ ಮುಂಚಿನ ವಿಷಯ ಕೇಳಲೇಬೇಡಿ. 1958ರ ಪ್ರೊಬೇಶನ್ ಕಾಯ್ದೆಯ ಸೆಕ್ಷನ್ 12 ಕೂಡ, ಸನ್ನಡತೆಯ ಮೇಲೆ ಬಿಡುಗಡೆಯಾದವರಿಗೆ ಶಿಕ್ಷೆಯ ಜೊತೆ ಬರುವ ಅನರ್ಹತೆ ಅನ್ವಯಿಸದು ಎನ್ನುತ್ತದೆ.

ಹಳೆಯ ಶಿಕ್ಷೆಗೆ "ಅವಧಿ ಮುಗಿಯಿತು" ಎಂದು ಹೇಳುವ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1974ರಿಂದ ಇದೆ. 2023ರ ಅಕ್ಟೋಬರ್‌ನಲ್ಲಿ ಜಾರಿಯಾದ ತಿದ್ದುಪಡಿಯಂತೆ ವಯಸ್ಕರ ಒಂದು ವರ್ಷದವರೆಗಿನ ಜೈಲು ಶಿಕ್ಷೆ ಮುಗಿದು ಒಂದು ವರ್ಷವಾದರೆ ಅದು ತೀರಿತು. ಒಂದರಿಂದ ನಾಲ್ಕು ವರ್ಷದ ಶಿಕ್ಷೆಗೆ ನಾಲ್ಕು ವರ್ಷ, ನಾಲ್ಕಕ್ಕೂ ಮೀರಿದ್ದಕ್ಕೆ ಏಳು ವರ್ಷ. ಗಂಭೀರ ಹಿಂಸೆ, ಲೈಂಗಿಕ ಅಪರಾಧ, ಭಯೋತ್ಪಾದನೆ ಈ ಕೊನೆಯ ಸೌಲಭ್ಯದ ಹೊರಗೆ. ಅವಧಿ ತೀರಿದ ಶಿಕ್ಷೆಯನ್ನು ಸಾಮಾನ್ಯ ಹುದ್ದೆಗಳಿಗೆ ಹೇಳಬೇಕಾದ್ದೇ ಇಲ್ಲ. ಮಕ್ಕಳ ಜೊತೆಗಿನ ನಿರ್ದಿಷ್ಟ ಕೆಲಸಗಳಿಗೆ ಅಲ್ಲಿ ನಿಷೇಧಿತರ ಪಟ್ಟಿಯೇ ಬೇರೆ ಇದೆ. ಆ ಪಟ್ಟಿಯಲ್ಲಿದ್ದಾರೆಂದು ತಿಳಿದೂ ನೇಮಿಸಿದರೆ ಅದು ಸಂಸ್ಥೆಯ ಅಪರಾಧ. ಭಾರತದಲ್ಲಿ ವಯಸ್ಕರ ಶಿಕ್ಷೆಗಳಿಗೆ ಅಂಥ ಸಾರ್ವತ್ರಿಕ ಕಾಲಮಿತಿ ಕಾನೂನು ಇಲ್ಲದ್ದರಿಂದ, ಎಷ್ಟು ಹಿಂದಿನದನ್ನು ಕೇಳುತ್ತೇವೆ ಎಂಬುದನ್ನು ಸಂಸ್ಥೆಯೇ ಗೊತ್ತುಮಾಡಿಕೊಳ್ಳಬೇಕು.

ಹಂತ 3: ಪ್ರತಿ ಹುದ್ದೆಗೂ ಒಂದು ಪುಟದ ಅಪಾಯ ಚೀಟಿ

ಇಡೀ ಕೆಲಸದ ಬೆನ್ನೆಲುಬು ಇದು. ಜಾಹೀರಾತು ಹೋಗುವ ಮೊದಲೇ ಆ ಹುದ್ದೆಯ ಮೇಲಧಿಕಾರಿ ಮತ್ತು ಎಚ್‌ಆರ್ ಸೇರಿ ತುಂಬಬೇಕು. ಅರ್ಧ ಗಂಟೆಯ ಕೆಲಸ. ಕೇಳಿಕೊಳ್ಳಬೇಕಾದ್ದು ಇಷ್ಟು:

- ಈ ಕೆಲಸದಲ್ಲಿ ಹಣ, ಬೀಗದ ಕೈ, ಪಾಸ್‌ವರ್ಡ್, ಬೆಲೆಬಾಳುವ ಸಾಮಾನು ಕೈಗೆ ಬರುತ್ತದೆಯೇ? ಎಷ್ಟರ ಮಟ್ಟಿಗೆ?
- ಮಕ್ಕಳು, ವೃದ್ಧರು, ರೋಗಿಗಳು, ಅಂಗವಿಕಲರ ಜೊತೆ ಒಬ್ಬರೇ ಇರುವ ಸಂದರ್ಭ ಬರುತ್ತದೆಯೇ?
- ಜನರ ಮನೆಯೊಳಗೆ ಹೋಗಬೇಕೇ?
- ವಾಹನ ಅಥವಾ ಅಪಾಯಕಾರಿ ಯಂತ್ರ ನಡೆಸಬೇಕೇ?
- ಮೇಲ್ವಿಚಾರಣೆ ಹೇಗೆ: ಪಕ್ಕದಲ್ಲೇ ಯಾರಾದರೂ ಇರುತ್ತಾರೋ, ದಿನಕ್ಕೊಮ್ಮೆ ನೋಡುತ್ತಾರೋ, ವಾರಕ್ಕೊಮ್ಮೆಯೋ?
- ಈಗಾಗಲೇ ಇರುವ ತಡೆಗಳು ಯಾವುವು?

ಉತ್ತರಗಳ ಕೆಳಗೆ ಮೂರು ಸಾಲು ಬರೆಯಿರಿ. ಈ ಹುದ್ದೆಗೆ ಸಂಬಂಧಪಟ್ಟ ಅಪರಾಧಗಳು ಯಾವುವು, ಎಷ್ಟು ವರ್ಷ ಹಿಂದಿನವರೆಗೆ ಕೇಳಬೇಕು, ಸಂಬಂಧವೇ ಇಲ್ಲದವು ಯಾವುವು.

ಲೆಕ್ಕಪತ್ರ ಸಹಾಯಕರ ಹುದ್ದೆ ತೆಗೆದುಕೊಳ್ಳಿ. ನಗದು ಕೈಗೆ ಬರುವುದಿಲ್ಲ, ಆದರೆ ಆನ್‌ಲೈನ್ ಪಾವತಿಯನ್ನು ಇವರೇ ಸಿದ್ಧಪಡಿಸುತ್ತಾರೆ. ವಂಚನೆ, ನಕಲಿ ದಾಖಲೆ, ನಂಬಿಕೆ ದ್ರೋಹ ಸಂಬಂಧಪಟ್ಟವು. ಕುಡಿದು ವಾಹನ ಓಡಿಸಿದ್ದು, ನೆರೆಯವರ ಜೊತೆ ಜಾಗದ ಜಗಳ, ಪ್ರತಿಭಟನೆಯ ಕೇಸು ಸಂಬಂಧವಿಲ್ಲದವು. ಇರುವ ತಡೆ: ಪಾವತಿ ಸಿದ್ಧಪಡಿಸುವವರು ಒಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು. ಈ ತಡೆ ಬರೀ ಕಾಗದದ ಮೇಲಿದ್ದು, ಮಂಜೂರು ಮಾಡುವವರ ಒಟಿಪಿ ಕೂಡ ಸಹಾಯಕರ ಫೋನಿಗೇ ಬರುತ್ತಿದ್ದರೆ ಆ ಹುದ್ದೆ ಯಾರು ಕೂತರೂ ಅಪಾಯದ್ದೇ. ಚೀಟಿ ತುಂಬುವಾಗ ಇಂಥ ಬಿರುಕುಗಳು ಹೊರಬರುತ್ತವೆ, ಮತ್ತು ಅದು ದಾಖಲೆ ಇಲ್ಲದವರ ವಂಚನೆಯಿಂದಲೂ ಸಂಸ್ಥೆಯನ್ನು ಕಾಯುತ್ತದೆ.

ಅದೇ ಸಂಸ್ಥೆಯ ಡ್ರೈವರ್ ಹುದ್ದೆಗೆ ಲೆಕ್ಕ ತಲೆಕೆಳಗು. ಕುಡಿದು ಓಡಿಸಿದ ಪ್ರಕರಣ, ನಿರ್ಲಕ್ಷ್ಯದ ಚಾಲನೆ ಇಲ್ಲಿ ಮುಖ್ಯ. ಹಳೆಯ ಚೆಕ್ ಬೌನ್ಸ್ ಕೇಸು ಲೆಕ್ಕಕ್ಕಿಲ್ಲ. ವಾರಾಂತ್ಯದಲ್ಲಿ ಮಕ್ಕಳಿಗೆ ಪಾಠ ಹೇಳುವ ಸ್ವಯಂಸೇವಕರಿಗೆ ಮಕ್ಕಳ ಮೇಲಿನ ಅಪರಾಧ, ಲೈಂಗಿಕ ಅಪರಾಧ ಎಷ್ಟೇ ಹಳೆಯದಾದರೂ ಬಾಗಿಲು ಮುಚ್ಚಿದಂತೆ. ಇಲ್ಲಿ ತೂಗುವ ಮಾತೇ ಇಲ್ಲ.

ಎಲ್ಲ ಹುದ್ದೆಗೂ ಒಂದೇ ಚೀಟಿಯನ್ನು ನಕಲು ಮಾಡಿ ಅಂಟಿಸುವುದು ಈ ಹಂತದ ಸಾಮಾನ್ಯ ತಪ್ಪು. "ಎಲ್ಲ ಹುದ್ದೆಗೂ ಎಲ್ಲ ಅಪರಾಧ ಸಂಬಂಧಪಟ್ಟದ್ದು" ಎಂದು ಬರೆದ ಚೀಟಿ ಇದ್ದೂ ಇಲ್ಲದಂತೆ.

ಹಂತ 4: ಜಾಹೀರಾತು, ಅರ್ಜಿ, ಹುಡುಕಾಟ

ಅರ್ಜಿ ನಮೂನೆಯಿಂದ ಹೌದು–ಇಲ್ಲ ಪ್ರಶ್ನೆಯನ್ನು ತೆಗೆಯಿರಿ. ಅಮೆರಿಕದ ಹವಾಯಿ ರಾಜ್ಯ 1998ರಲ್ಲೇ ಇದನ್ನು ಕಾನೂನು ಮಾಡಿತು. 2004ರಿಂದ ಹಿಂದಿನ ಕೈದಿಗಳೇ ಕಟ್ಟಿದ "ಬ್ಯಾನ್ ದ ಬಾಕ್ಸ್" (ಅರ್ಜಿಯಿಂದ ಆ ಚೌಕ ತೆಗೆಯಿರಿ) ಚಳವಳಿ ಅದನ್ನು ಇನ್ನೂ ಹಲವು ರಾಜ್ಯ, ನಗರಗಳಿಗೆ ಒಯ್ದಿತು.

ಆದರೆ ಪ್ರಶ್ನೆ ತೆಗೆದು ಸುಮ್ಮನೆ ಕೂತರೆ ಕೆಡುಕೂ ಆಗಬಹುದು. ಅಮಂಡಾ ಅಗಾನ್ ಮತ್ತು ಸೋನ್ಯಾ ಸ್ಟಾರ್ ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ನಗರದಲ್ಲಿ ಸುಮಾರು 15,000 ಕಾಲ್ಪನಿಕ ಅರ್ಜಿಗಳನ್ನು ಕಳಿಸಿ ನೋಡಿದಾಗ, ಪ್ರಶ್ನೆ ತೆಗೆದ ಮೇಲೆ ಕಪ್ಪು–ಬಿಳಿಯ ಅಭ್ಯರ್ಥಿಗಳ ನಡುವಿನ ಅಂತರ ಇನ್ನಷ್ಟು ಹಿಗ್ಗಿತ್ತು. ಮಾಹಿತಿ ಸಿಗದಾಗ ಕೆಲವರು ಹೆಸರು ನೋಡಿ ಊಹಿಸತೊಡಗುತ್ತಾರೆ. ಹಾಗಾಗಿ ಮೊದಲ ಸುತ್ತಿನ ಅರ್ಜಿಗಳಲ್ಲಿ ಹೆಸರು, ವಿಳಾಸ, ಫೋಟೋ ಮುಚ್ಚಿ ನೋಡುವ ಏರ್ಪಾಡೂ ಜೊತೆಗೇ ಬರಲಿ.

ಜಾಹೀರಾತಿನಲ್ಲಿ ಎರಡು ವಾಕ್ಯ ಸೇರಿಸಿ: "ಹಿಂದೆ ಶಿಕ್ಷೆಯಾದವರು, ಪ್ರಕರಣ ಬಾಕಿ ಇರುವವರೂ ಅರ್ಜಿ ಹಾಕಬಹುದು. ಆಯ್ಕೆಯಾದ ನಂತರ ಈ ಹುದ್ದೆಗೆ ಸಂಬಂಧಿಸಿದ ವಿಷಯಗಳನ್ನು ಮಾತ್ರ ಕೇಳುತ್ತೇವೆ." ಇದಿಲ್ಲದಿದ್ದರೆ ನಿಮ್ಮ ನೀತಿ ಎಷ್ಟೇ ಚೆನ್ನಾಗಿದ್ದರೂ ಅವರು ಅರ್ಜಿಯನ್ನೇ ಹಾಕುವುದಿಲ್ಲ. ಮಕ್ಕಳ ಜೊತೆಗಿನ ಹುದ್ದೆಯಾದರೆ ಯಾವ ಪರಿಶೀಲನೆ ಕಡ್ಡಾಯ ಎಂಬುದನ್ನೂ ಅಲ್ಲೇ ಬರೆಯಿರಿ. ಯಾರೂ ಕೊನೆಯವರೆಗೆ ಬಂದು ನಿರಾಶರಾಗುವುದು ಬೇಡ.

"ಕಳೆದ ಐದು ವರ್ಷದ ಅನುಭವ ಪತ್ರ", "ಇಬ್ಬರು ಹಿಂದಿನ ಮಾಲೀಕರ ಶಿಫಾರಸು", "ಕೆಲಸದಲ್ಲಿ ಅಂತರ ಇರಬಾರದು" ಎಂಬಂಥ ಷರತ್ತುಗಳು ಬೇರೆ ದಾರಿಯಿಂದ ಅದೇ ಬಾಗಿಲು ಮುಚ್ಚುತ್ತವೆ. ಜೈಲಿನಲ್ಲಿ ಕಲಿತ ಹೊಲಿಗೆ, ಬಡಗಿತನ, ಬೇಕರಿ ಕೆಲಸ, ಓದಿದ ಪದವಿ ಇವನ್ನೂ ಅನುಭವವೆಂದು ಲೆಕ್ಕಕ್ಕೆ ತೆಗೆದುಕೊಳ್ಳಿ. ಶಿಫಾರಸಿಗೆ ಪ್ರೊಬೇಶನ್ ಅಧಿಕಾರಿ, ತರಬೇತಿದಾರರು, ಸ್ವಯಂಸೇವಾ ಸಂಸ್ಥೆಯವರ ಮಾತು ಸಾಕು.

ಅಭ್ಯರ್ಥಿಗಳನ್ನು ಹುಡುಕಲು ಕಾರಾಗೃಹದ ಕಲ್ಯಾಣಾಧಿಕಾರಿಗಳು, ಬಿಡುಗಡೆಯಾದವರ ಜೊತೆ ಕೆಲಸ ಮಾಡುವ ಸಂಸ್ಥೆಗಳು, ಕಾನೂನು ನೆರವು ಪ್ರಾಧಿಕಾರಗಳನ್ನು ಸಂಪರ್ಕಿಸಿ. ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರಿದ್ದಾರೆ. ಬೀಗದ ಕೈ, ಪಾದರಕ್ಷೆ ದುರಸ್ತಿಯ ಬ್ರಿಟಿಷ್ ಕಂಪನಿ ಟಿಂಪ್ಸನ್‌ನಲ್ಲಿ ಸುಮಾರು ಹತ್ತರಲ್ಲೊಬ್ಬರು ಶಿಕ್ಷೆ ಅನುಭವಿಸಿ ಬಂದವರು. ಅದರ ಮುಖ್ಯಸ್ಥರಾಗಿದ್ದ ಜೇಮ್ಸ್ ಟಿಂಪ್ಸನ್ 2024ರಲ್ಲಿ ಆ ದೇಶದ ಕಾರಾಗೃಹ ಸಚಿವರಾದರು. 1982ರಲ್ಲಿ ಶುರುವಾದ, ನ್ಯೂಯಾರ್ಕ್ ರಾಜ್ಯದ ಯಾಂಕರ್ಸ್‌ನ ಗ್ರೇಸ್ಟನ್ ಬೇಕರಿ ಸರದಿ ಪಟ್ಟಿಯಲ್ಲಿ ಹೆಸರು ಬರೆಸಿದವರನ್ನು ಹಿನ್ನೆಲೆ ವಿಚಾರಿಸದೆ ಕೆಲಸಕ್ಕೆ ತೆಗೆದುಕೊಳ್ಳುತ್ತದೆ. ಎಲ್ಲ ಸಂಸ್ಥೆಗೂ ಆ ದಾರಿ ಒಗ್ಗದು, ಆದರೆ ಹಿಟ್ಟು ನಾದುವ ಕೆಲಸಕ್ಕೆ ಅಪಾಯ ಚೀಟಿ ತುಂಬಿದರೆ ಅದು ಬಹುಪಾಲು ಖಾಲಿಯೇ ಉಳಿಯುತ್ತದೆ.

ಹಂತ 5: ಕೇಳುವುದು ಯಾವಾಗ, ಯಾವ ಮಾತಿನಲ್ಲಿ

ಸಂದರ್ಶನ ಮುಗಿದು, ಕೌಶಲದ ಆಧಾರದ ಮೇಲೆ ಆಯ್ಕೆಯಾಗಿ, ಷರತ್ತುಬದ್ಧ ಆಫರ್ ಕೊಟ್ಟ ನಂತರವೇ ಕೇಳಿ. ಮೊದಲೇ ಕೇಳಿದರೆ ಕೌಶಲದ ಅಂಕಗಳಿಗೂ ಅದರ ನೆರಳು ಬೀಳುತ್ತದೆ. ತಡವಾಗಿ ಕೇಳುವುದರಿಂದ ಇನ್ನೊಂದು ಲಾಭವೂ ಇದೆ: ನಿರಾಕರಿಸಿದರೆ ಕಾರಣ ಯಾವುದೆಂದು ಸಂಸ್ಥೆಗೂ ಅಭ್ಯರ್ಥಿಗೂ ಸ್ಪಷ್ಟವಾಗಿರುತ್ತದೆ.

ಪ್ರಶ್ನೆ ನಿರ್ದಿಷ್ಟವಾಗಿರಬೇಕು. ಭಾರತದ ಸುಪ್ರೀಂ ಕೋರ್ಟ್ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ: ಮಾಹಿತಿ ಮುಚ್ಚಿಟ್ಟರು ಎನ್ನಬೇಕಾದರೆ ನಮೂನೆ ಕೇಳಿದ್ದು ಅಸ್ಪಷ್ಟವಾಗಿರಬಾರದು, ನಿರ್ದಿಷ್ಟವಾಗಿ ಕೇಳಿದ್ದನ್ನಷ್ಟೇ ಅಭ್ಯರ್ಥಿ ಹೇಳಬೇಕು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಅದನ್ನು ಮನ್ನಿಸಲು ಉದ್ಯೋಗದಾತರಿಗೆ ಅವಕಾಶವಿದೆ ಎಂದೂ, ಸತ್ಯ ಹೇಳಿದವರ ಹಿನ್ನೆಲೆಯನ್ನು ಪರಿಗಣಿಸುವ ಹಕ್ಕು ಉದ್ಯೋಗದಾತರಿಗೆ ಉಳಿದಿರುತ್ತದೆ ಎಂದೂ ಅದೇ ತೀರ್ಪು ಹೇಳುತ್ತದೆ. ಆ ತೀರ್ಪಿನ ಸಂದರ್ಭ ಸರ್ಕಾರಿ ಸೇವೆಯದ್ದಾದರೂ ಖಾಸಗಿ ಸಂಸ್ಥೆ ನೀತಿ ಬರೆಯುವಾಗ ಅನುಸರಿಸಲು ಯೋಗ್ಯ.

ನಮೂನೆಯ ಮಾತು ಹೀಗಿರಬಹುದು: "ಕಳೆದ ಏಳು ವರ್ಷಗಳಲ್ಲಿ ವಂಚನೆ, ನಕಲಿ ದಾಖಲೆ ಅಥವಾ ನಂಬಿಕೆ ದ್ರೋಹದ ಪ್ರಕರಣದಲ್ಲಿ ನ್ಯಾಯಾಲಯ ನಿಮಗೆ ಶಿಕ್ಷೆ (ದಂಡವೂ ಸೇರಿ) ವಿಧಿಸಿದೆಯೇ? ಇಂಥ ಪ್ರಕರಣ ಈಗ ನ್ಯಾಯಾಲಯದಲ್ಲಿ ಬಾಕಿ ಇದೆಯೇ? 18 ವರ್ಷ ತುಂಬುವ ಮುಂಚಿನ ವಿಷಯ, ಖುಲಾಸೆಯಾದ ಪ್ರಕರಣ ಬರೆಯಬೇಕಿಲ್ಲ. ಹೌದು ಎಂದಾದರೆ ಆಫರ್ ತಾನಾಗಿ ರದ್ದಾಗುವುದಿಲ್ಲ. ನಿಮ್ಮ ಜೊತೆ ಮಾತಾಡಿ ತೀರ್ಮಾನಿಸುತ್ತೇವೆ." ಕೊನೆಯ ವಾಕ್ಯವನ್ನು ದಪ್ಪಕ್ಷರದಲ್ಲೇ ಹಾಕಿ. ಬರೆಯಲು ಹಿಂಜರಿಯುವವರಿಗೆ ಬಾಯಿಮಾತಲ್ಲಿ ಹೇಳುವ ಅವಕಾಶವೂ ಇರಲಿ.

ಹಂತ 6: ಮಾತುಕತೆ

ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಮೀಸಲಿಡಿ. ಬಾಗಿಲು ಮುಚ್ಚುವ ಕೋಣೆ, ಗಾಜಿನ ಗೋಡೆಯ ಮೀಟಿಂಗ್ ರೂಮ್ ಬೇಡ. ಸಂಸ್ಥೆಯ ಕಡೆಯಿಂದ ಇಬ್ಬರು ಸಾಕು. ಅವರಲ್ಲಿ ಒಬ್ಬರು ನೇರ ಮೇಲಧಿಕಾರಿ ಆಗಿರದಿದ್ದರೆ ಒಳ್ಳೆಯದು. ಅಭ್ಯರ್ಥಿ ಬಯಸಿದರೆ ಜೊತೆಗೊಬ್ಬರನ್ನು ಕರೆತರಲಿ. ಯಾವ ವಿಷಯ ಮಾತಾಡುತ್ತೇವೆಂದು ಎರಡು ದಿನ ಮೊದಲೇ ತಿಳಿಸಿ.

ಜೈಲಿನ ಸುದ್ದಿ ಬಂದೊಡನೆ ಮಾತು ಏಕವಚನಕ್ಕೆ ಇಳಿಯುವುದು ನಮ್ಮಲ್ಲಿ ಎಷ್ಟು ಸಹಜವಾಗಿದೆ ಎಂದರೆ ಆಡಿದವರಿಗೆ ಅದು ಗೊತ್ತೇ ಆಗುವುದಿಲ್ಲ. ಕೇಳಿಸಿಕೊಂಡವರಿಗೆ ಗೊತ್ತಾಗುತ್ತದೆ. ಬೇರೆ ಎಲ್ಲ ಅಭ್ಯರ್ಥಿಗಳಿಗೆ ಹೇಳುವ "ಬನ್ನಿ, ಕೂತ್ಕೊಳ್ಳಿ" ಇವರಿಗೂ ಹೇಳಬೇಕು.

ಶುರುವಿಗೆ: "ನೀವು ಬರೆದದ್ದನ್ನು ಓದಿದ್ದೇವೆ, ಹೇಳಿದ್ದಕ್ಕೆ ಧನ್ಯವಾದ. ಈ ಕೆಲಸಕ್ಕೆ ಅದು ಎಷ್ಟು ಸಂಬಂಧ ಅಂತ ಅರ್ಥಮಾಡಿಕೊಳ್ಳಬೇಕಿತ್ತು, ಅಷ್ಟೇ. ಏನಾಯಿತು ಅಂತ ನಿಮ್ಮ ಮಾತಲ್ಲೇ ಹೇಳಿ." ಆಮೇಲೆ ಕೇಳಬಹುದಾದದ್ದು: ಆಗಿನ ಪರಿಸ್ಥಿತಿ ಹೇಗಿತ್ತು? ಆಗಿನಿಂದ ಈಗಿನವರೆಗೆ ಏನೇನು ಬದಲಾಗಿದೆ? ಜಾಮೀನಿನ ಷರತ್ತು, ಠಾಣೆಗೆ ಸಹಿ ಹಾಕಲು ಹೋಗುವುದು, ಊರು ಬಿಡುವಂತಿಲ್ಲ ಎಂಬಂಥ ನಿರ್ಬಂಧ ಈಗ ಇದೆಯೇ? ಕೆಲಸ ಸರಾಗವಾಗಿ ಆಗಲು ನಮ್ಮಿಂದ ಏನು ಬೇಕು?

ಕೇಳಬಾರದ್ದು: ಒಳಗೆ ಹೇಗಿತ್ತು ಎಂಬ ಕುತೂಹಲದ ಪ್ರಶ್ನೆಗಳು, ಮನೆಯವರ ಮೇಲೆ ಕೇಸಿದೆಯೇ, ಹೆಂಡತಿ–ಮಕ್ಕಳು ಬಿಟ್ಟುಹೋದರೇ, ಯಾವ ಸಮುದಾಯ. "ಮತ್ತೆ ಮಾಡಲ್ಲ ಅಂತ ಏನು ಗ್ಯಾರಂಟಿ?" ಎಂಬುದಕ್ಕೆ ಯಾರೂ ಉತ್ತರ ಕೊಡಲಾರರು, ಅದರಿಂದ ನಿಮಗೂ ಏನೂ ತಿಳಿಯದು. ಕಣ್ಣೀರು ಬಂತೇ ಎಂಬುದು ಪಶ್ಚಾತ್ತಾಪದ ಅಳತೆಯಲ್ಲ. ಕೆಲವರು ಕಲ್ಲಿನಂತೆ ಕೂತು ಉತ್ತರಿಸುತ್ತಾರೆ, ಏಕೆಂದರೆ ಇದೇ ಕಥೆಯನ್ನು ಠಾಣೆಯಲ್ಲಿ, ಕೋರ್ಟಿನಲ್ಲಿ, ಇಂಥದೇ ಕೋಣೆಗಳಲ್ಲಿ ಹೇಳಿ ಹೇಳಿ ಸಾಕಾಗಿರುತ್ತದೆ.

ಹೇಳಿದ್ದಕ್ಕೂ ದಾಖಲೆಗೂ ವರ್ಷ, ಸೆಕ್ಷನ್ ನಂಬರಿನಲ್ಲಿ ಸಣ್ಣ ವ್ಯತ್ಯಾಸ ಇರುವುದು ಮಾಮೂಲು. ಅಪರಾಧದ ಸ್ವರೂಪವೇ ಬೇರೆಯಾಗಿದ್ದರೆ ಮಾತ್ರ ನಿಂತು ವಿಚಾರಿಸಿ.

ಹಂತ 7: ಪರಿಶೀಲನೆ

ಲಿಖಿತ ಒಪ್ಪಿಗೆ ಪಡೆದೇ ಮಾಡಿ. ಹುದ್ದೆಗೆ ಬೇಕಾದಷ್ಟನ್ನೇ ಮಾಡಿ. ಇಂಗ್ಲೆಂಡಿನಲ್ಲಿ ಹುದ್ದೆಗೆ ಅರ್ಹವಲ್ಲದ ಮೇಲ್ಮಟ್ಟದ ಪರಿಶೀಲನೆ ಕೇಳುವುದೇ ಕಾನೂನುಬಾಹಿರ. ಅಲ್ಲಿ ಸ್ವಯಂಸೇವಕರಿಗೆ ಮೂಲ ಮಟ್ಟಕ್ಕಿಂತ ಮೇಲಿನ (ಸ್ಟ್ಯಾಂಡರ್ಡ್, ಎನ್‌ಹ್ಯಾನ್ಸ್ಡ್) ಪರಿಶೀಲನೆಗೆ ಸರ್ಕಾರಿ ಶುಲ್ಕವೂ ಇಲ್ಲ.

ಭಾರತದಲ್ಲಿ ಎಡವುವುದು ಹೆಸರಿನಲ್ಲಿ. ಇ–ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಅದೇ ಹೆಸರಿನ ಹಲವರು ಸಿಗುತ್ತಾರೆ. ಇನಿಷಿಯಲ್, ತಂದೆಯ ಹೆಸರು, ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೊಂದು ಕಡೆ ಒಂದೊಂದು ಥರ. ಹೆಸರೊಂದು ಹೊಂದಿತೆಂದು ಯಾರನ್ನೂ ಕೈಬಿಡಬೇಡಿ. ವಿಳಾಸ, ತಂದೆಯ ಹೆಸರು, ವಯಸ್ಸು ಎಲ್ಲ ತಾಳೆಯಾಗಬೇಕು. ಖಾಸಗಿ ಏಜೆನ್ಸಿಗಳು ವರದಿಗೆ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿ ಕಳಿಸುತ್ತವೆ. ಕೆಂಪು ಎಂದರೆ ಏನೋ ಸಿಕ್ಕಿದೆ ಎಂದಷ್ಟೇ; ಅದು ಈ ಹುದ್ದೆಗೆ ಅಡ್ಡಿಯೇ ಎಂಬುದನ್ನು ಏಜೆನ್ಸಿ ಹೇಳಲಾರದು. ಪ್ರಕರಣದ ಸಂಖ್ಯೆ, ನ್ಯಾಯಾಲಯ, ಈಗಿನ ಸ್ಥಿತಿ ಕೇಳಿ ಪಡೆಯಿರಿ.

ಏನಾದರೂ ಸಿಕ್ಕರೆ ಪ್ರತಿಯನ್ನು ಅಭ್ಯರ್ಥಿಗೆ ಕೊಟ್ಟು ಉತ್ತರಿಸಲು ಐದು ಕೆಲಸದ ದಿನ ಕೊಡಿ. ಪ್ರಕರಣ ಬೇರೆಯವರದ್ದು, ಅಥವಾ ಎಂದೋ ಖುಲಾಸೆಯಾಗಿ ಜಾಲತಾಣದಲ್ಲಿ ಮಾತ್ರ ಬಾಕಿ ಎಂದು ಉಳಿದದ್ದು ಎಂಬುದು ಈ ಐದು ದಿನಗಳಲ್ಲಿ ಹೊರಬರುತ್ತದೆ.

ಹಂತ 8: ತೂಗಿ ತೀರ್ಮಾನಿಸುವುದು

ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 1970ರ ದಶಕದಲ್ಲಿ ಗ್ರೀನ್ ಎಂಬವರು ರೈಲ್ವೆ ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಮೂರು ಅಳತೆಗೋಲು ಕೊಟ್ಟಿತು. ಆ ದೇಶದ ಸಮಾನ ಉದ್ಯೋಗಾವಕಾಶ ಆಯೋಗ 2012ರ ಮಾರ್ಗಸೂಚಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಅಪರಾಧದ ಸ್ವರೂಪ ಮತ್ತು ಗಂಭೀರತೆ, ಕಳೆದ ಕಾಲ, ಹುದ್ದೆಯ ಸ್ವರೂಪ. ಎಲ್ಲಿಯಾದರೂ ಬಳಸಬಹುದಾದ ಅಳತೆಗಳಿವು. ಇವುಗಳ ಜೊತೆ ಆಗಿನ ವಯಸ್ಸು, ಒಮ್ಮೆ ನಡೆದದ್ದೋ ಮತ್ತೆ ಮತ್ತೆಯೋ, ಆಮೇಲಿನ ಬದುಕು ಸೇರಿಸಿ.

ಕಾಲದ ತೂಕ ದೊಡ್ಡದು. ಆಲ್ಫ್ರೆಡ್ ಬ್ಲಮ್‌ಸ್ಟೀನ್ ಮತ್ತು ಕಿಮಿನೋರಿ ನಕಮುರಾ 1980ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮೊದಲ ಬಾರಿ ಬಂಧಿತರಾದವರ ದಾಖಲೆ ಹಿಡಿದು ಲೆಕ್ಕ ಹಾಕಿ, 2009ರಲ್ಲಿ ಪ್ರಕಟಿಸಿದರು. ಹದಿನೆಂಟನೇ ವಯಸ್ಸಿನಲ್ಲಿ ಮನೆಗಳ್ಳತನಕ್ಕೆ ಬಂಧಿತರಾದವರು ಮತ್ತೆ ಬಂಧನವಿಲ್ಲದೆ 3.8 ವರ್ಷ, ತೀವ್ರ ಹಲ್ಲೆಗೆ ಬಂಧಿತರಾದವರು 4.3 ವರ್ಷ, ಸುಲಿಗೆಗೆ ಬಂಧಿತರಾದವರು 7.7 ವರ್ಷ ಕಳೆದರೆ, ಮುಂದೆ ಬಂಧಿತರಾಗುವ ಸಂಭವ ಅದೇ ವಯಸ್ಸಿನ ಸಾಮಾನ್ಯ ಜನರ ಮಟ್ಟಕ್ಕೆ ಇಳಿದಿತ್ತು. ಒಂದು ರಾಜ್ಯದ ಅಂಕಿಗಳನ್ನು ಎಲ್ಲ ಕಡೆಗೂ ಅಳತೆಪಟ್ಟಿಯಂತೆ ಬಳಸುವಂತಿಲ್ಲ. ಆದರೂ ಇಪ್ಪತ್ತು ವರ್ಷ ಹಿಂದಿನ ಕಳ್ಳತನವನ್ನು ಇವತ್ತಿನ ಕಾರಣವಾಗಿ ಹಿಡಿಯುವವರು ಈ ಅಂಕಿಗಳನ್ನು ನೋಡಬೇಕು.

ತೀರ್ಮಾನ ಹೌದು ಅಥವಾ ಇಲ್ಲ ಎಂಬ ಎರಡೇ ಅಲ್ಲ. ಮೂರನೆಯದು "ಈ ಏರ್ಪಾಡಿನ ಜೊತೆ ಹೌದು". ಒಂಬತ್ತು ವರ್ಷ ಹಿಂದೆ ನಂಬಿಕೆ ದ್ರೋಹಕ್ಕೆ ಶಿಕ್ಷೆಯಾದವರು ದಾಸ್ತಾನು ನೋಡಿಕೊಳ್ಳಲು ಬರುತ್ತಾರೆ ಎನ್ನಿ. ಮೊದಲ ಆರು ತಿಂಗಳು ಸರಕು ಒಳಬರುವ ದಾಖಲೆ ಒಬ್ಬರು, ಹೊರಹೋಗುವ ದಾಖಲೆ ಇನ್ನೊಬ್ಬರು ಬರೆಯಲಿ, ತಿಂಗಳಿಗೊಮ್ಮೆ ಮುನ್ಸೂಚನೆಯಿಲ್ಲದೆ ಎಣಿಕೆ ಆಗಲಿ. ಸಾಧ್ಯವಾದರೆ ಆ ನಿಯಮ ಎಲ್ಲರಿಗೂ ಅನ್ವಯಿಸಲಿ. ಒಬ್ಬರಿಗೆ ಮಾತ್ರ ಹಾಕಿದ ನಿಯಮ ಬೇಗ ಗುಟ್ಟು ಬಿಟ್ಟುಕೊಡುತ್ತದೆ.

ವಿಮೆಯನ್ನು ಮರೆಯಬೇಡಿ. ಸಿಬ್ಬಂದಿಯ ಅಪ್ರಾಮಾಣಿಕತೆಗೆ ಮಾಡಿಸುವ ವಿಮೆಗಳಲ್ಲಿ, ಹಿಂದೆ ಅಪ್ರಾಮಾಣಿಕತೆ ತೋರಿದ್ದು ತಿಳಿದೂ ನೇಮಿಸಿದವರಿಗೆ ರಕ್ಷಣೆ ಇಲ್ಲ ಎಂಬ ಷರತ್ತು ಇರಬಹುದು. ಅಮೆರಿಕ ಈ ತೊಡಕಿಗೆ 1966ರಲ್ಲೇ ಸರ್ಕಾರಿ ಬಾಂಡ್ ಯೋಜನೆ ತಂದು, ಕೆಲಸದ ಮೊದಲ ಆರು ತಿಂಗಳಿಗೆ ಉಚಿತ ರಕ್ಷಣೆ ಕೊಡುತ್ತಿದೆ. ಅಂಥದ್ದು ಇಲ್ಲದ ಕಡೆ ಪಾಲಿಸಿಯ ಸಣ್ಣಕ್ಷರಗಳನ್ನು ಓದಿ, ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆಯಿರಿ.

ಇಬ್ಬರು ಸೇರಿ ತೀರ್ಮಾನಿಸಿ, ಅರ್ಧ ಪುಟ ಕಾರಣ ಬರೆದಿಡಿ. ಇಲ್ಲ ಎನ್ನುವುದಾದರೆ ಯಾವ ಪ್ರಕರಣ, ಹುದ್ದೆಯ ಯಾವ ಭಾಗಕ್ಕೆ ಅಡ್ಡಿ ಎಂಬುದನ್ನು ಪತ್ರದಲ್ಲಿ ತಿಳಿಸಿ, ಮೇಲ್ಮನವಿಗೆ ದಾರಿ ಕೊಡಿ, ಬೇರೆ ಹುದ್ದೆ ಹೊಂದುವುದಾದರೆ ಸೂಚಿಸಿ. "ನಿಮಗೆ ತಿಳಿಸುತ್ತೇವೆ" ಎಂದು ಹೇಳಿ ಸುಮ್ಮನಾಗುವುದು ಅವರ ವಾರಗಟ್ಟಲೆ ದಿನಗಳನ್ನು ಕದಿಯುತ್ತದೆ.

ಹಂತ 9: ಗೋಪ್ಯತೆ

ವಿಷಯ ತಿಳಿದವರ ಹೆಸರುಗಳನ್ನು ಬರೆದಿಡಿ. ಆ ಪಟ್ಟಿ ಮೂವರನ್ನು ಮೀರಬಾರದು. ಪ್ರಕರಣದ ಕಾಗದ ಸಾಮಾನ್ಯ ಸಿಬ್ಬಂದಿ ಫೈಲಿನಲ್ಲಿ ಇರಕೂಡದು. ಬೇರೆ ಬೀಗದಲ್ಲಿಟ್ಟು, ತೀರ್ಮಾನವಾಗಿ ಆರು ತಿಂಗಳಿಗೆ ನಾಶಮಾಡಿ, "ಪರಿಶೀಲನೆ ಮುಗಿದಿದೆ, ತೃಪ್ತಿಕರ" ಎಂಬ ಸಾಲು ಮತ್ತು ದಿನಾಂಕ ಮಾತ್ರ ಉಳಿಸಿ. ಕಾನೂನು ಬೇರೆ ಅವಧಿ ಹೇಳಿದ್ದರೆ ಅದರಂತೆ. ಸೋರುವುದು ಹೆಚ್ಚಾಗಿ ವಾಟ್ಸ್ಆ್ಯಪ್‌ನಲ್ಲಿ: ಪೊಲೀಸ್ ವೆರಿಫಿಕೇಶನ್ ಕಾಗದದ ಫೋಟೋ ತೆಗೆದು ಗ್ರೂಪಿಗೆ ಹಾಕುವುದು. ಅದಕ್ಕೆ ಶಿಸ್ತುಕ್ರಮ ಇದೆ ಎಂದು ನೀತಿಯಲ್ಲೇ ಬರೆದಿರಲಿ. ಸಹೋದ್ಯೋಗಿಗಳು ಕೇಳಿದರೆ ಉತ್ತರ ಒಂದೇ: "ಎಲ್ಲರಿಗೂ ಮಾಡುವ ಪರಿಶೀಲನೆ ಇವರಿಗೂ ಆಗಿದೆ."

ಹಂತ 10: ಮೊದಲ ಮೂರು ತಿಂಗಳು

ಇಲ್ಲಿ ಕೆಲಸ ಬಿಟ್ಟುಹೋಗುವುದು ಕೌಶಲದ ಕೊರತೆಯಿಂದಲ್ಲ, ಕಾಗದಪತ್ರ ಮತ್ತು ಓಡಾಟದಿಂದ. ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿರುತ್ತದೆ, ಗುರುತಿನ ಚೀಟಿಯ ವಿಳಾಸ ಹಳೆಯದು, ಮೊದಲ ಸಂಬಳದವರೆಗೆ ಬಸ್ಸಿಗೆ ಹಣವಿರುವುದಿಲ್ಲ. ಮೊದಲ ತಿಂಗಳು ವಾರಕ್ಕೊಮ್ಮೆ ಸಂಬಳ ಅಥವಾ ಸಣ್ಣ ಮುಂಗಡದ ವ್ಯವಸ್ಥೆ ಮಾಡಿ. ವಾಯಿದೆಯ ದಿನ ಕೋರ್ಟಿಗೆ ಹೋಗದಿದ್ದರೆ ವಾರಂಟ್ ಬರಬಹುದು, ಹಾಗಾಗಿ ಆ ದಿನಗಳ ರಜೆ ಮೊದಲೇ ಮಾತಾಡಿಕೊಳ್ಳಿ. ರಜೆ ಅರ್ಜಿಯಲ್ಲಿ "ವೈಯಕ್ತಿಕ ಕೆಲಸ" ಎಂದಿದ್ದರೆ ಸಾಕು.

ಮೇಲ್ವಿಚಾರಣೆ ಎಲ್ಲರಿಗೆ ಇದ್ದಷ್ಟೇ ಇರಲಿ. ತಪ್ಪಾದರೆ ಎಲ್ಲರಿಗೂ ಅನ್ವಯಿಸುವ ಕ್ರಮವೇ ಅನ್ವಯಿಸಲಿ. ಏನಾದರೂ ಕಳೆದುಹೋದಾಗ ಮೊದಲು ಅವರ ಚೀಲ ತೆರೆಸುವುದು ಅನ್ಯಾಯ. ಅವರ ಎಲ್ಲ ತಪ್ಪನ್ನೂ "ಪಾಪ" ಎಂದು ಬಿಟ್ಟುಬಿಡುವುದೂ ಉಪಕಾರವಲ್ಲ.

ಸ್ವಯಂಸೇವಕರ ವಿಷಯದಲ್ಲಿ

ಸಂಬಳವಿಲ್ಲದಿರುವುದು ಅಪಾಯವನ್ನು ಕಡಿಮೆ ಮಾಡುವುದಿಲ್ಲ. ಮಕ್ಕಳ ಜೊತೆ ಇರುವ ಸ್ವಯಂಸೇವಕರಿಗೆ ನೌಕರರಷ್ಟೇ ಪರಿಶೀಲನೆ ಬೇಕು. ಒಂದು ದಿನದ ಕಾರ್ಯಕ್ರಮಕ್ಕೆ ಕುರ್ಚಿ ಜೋಡಿಸುವವರಿಗೆ ಏನೂ ಬೇಡ. ಅಪಾಯ ಚೀಟಿ ಅದೇ, ನಮೂನೆ ಅದೇ.

ಸಂಬಳದ ಹುದ್ದೆ ಕೇಳಿ ಬಂದವರಿಗೆ "ಮೊದಲು ಒಂದು ವರ್ಷ ಸ್ವಯಂಸೇವೆ ಮಾಡಿ, ನೋಡೋಣ" ಎನ್ನಬೇಡಿ. ಬೇರೆಯವರಿಗೆ ಹೇಳದ್ದನ್ನು ಇವರಿಗೆ ಹೇಳಿದರೆ ಅದು ಬಿಟ್ಟಿ ದುಡಿಮೆ. ಇನ್ನು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನು ಶಿಕ್ಷೆಯಾಗಿ ಸೇರಿಸಿದೆ. ನ್ಯಾಯಾಲಯ ಕಳಿಸಿದವರು ಸ್ವಯಂಸೇವಕರಲ್ಲ. ಅವರ ಹಾಜರಿ, ವರದಿ ಬೇರೆ ಪುಸ್ತಕದಲ್ಲಿರಲಿ. ಶಿಕ್ಷೆ ಮುಗಿದ ಮೇಲೂ ಮುಂದುವರಿಯಲು ಬಯಸಿದರೆ ಹೊಸದಾಗಿ ಸೇರಿಸಿಕೊಳ್ಳಿ.

ಸೇರಿದ ಮೇಲೆ ಹಳೆಯದು ಹೊರಬಂದರೆ

ಮೊದಲು ನೋಡಬೇಕಾದ್ದು ನಿಮ್ಮದೇ ನಮೂನೆಯನ್ನು. ಅದು ಕೇಳಿತ್ತೇ? ಕೇಳಿರದಿದ್ದರೆ ಮುಚ್ಚಿಟ್ಟ ಮಾತೇ ಬರುವುದಿಲ್ಲ. ಕೇಳಿದ್ದೂ ಹೇಳಿರದಿದ್ದರೆ ಹಂತ 6ರಿಂದ 8ರವರೆಗಿನದನ್ನು ಈಗ ಮಾಡಿ. ಆಗಲೇ ಹೇಳಿದ್ದರೆ ನೇಮಿಸುತ್ತಿದ್ದಿರೇ ಎಂಬ ಪ್ರಶ್ನೆಗೆ ಚೀಟಿ ಉತ್ತರ ಕೊಡುತ್ತದೆ. ಹೊಸ ಪ್ರಕರಣ ದಾಖಲಾದರೆ, ಎಫ್‌ಐಆರ್ ಬಂದ ದಿನವೇ ತೆಗೆದುಹಾಕಬೇಡಿ. ಹುದ್ದೆಗೆ ಸಂಬಂಧವಿದ್ದರೆ ವಿಚಾರಣೆ ಮುಗಿಯುವವರೆಗೆ ಬೇರೆ ಕೆಲಸ ಕೊಡಬಹುದು. ಮಕ್ಕಳ ಸುರಕ್ಷತೆಯ ಆರೋಪವಾದರೆ ಅದೇ ದಿನ ಮಕ್ಕಳಿಂದ ದೂರವಿಡಬೇಕು; ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದೂ ಕಡ್ಡಾಯ.

ವರ್ಷಕ್ಕೊಮ್ಮೆ ಎಣಿಸಿ ನೋಡಿ: ಎಷ್ಟು ಆಫರ್‌ಗಳ ನಂತರ ದಾಖಲೆ ತಿಳಿಯಿತು, ಎಷ್ಟನ್ನು ಹಿಂಪಡೆದಿರಿ, ಹಿಂಪಡೆದವುಗಳ ಕಾರಣ ಚೀಟಿಯಲ್ಲಿ ಮೊದಲೇ ಇತ್ತೇ, ಸೇರಿದವರಲ್ಲಿ ಒಂದು ವರ್ಷ ಉಳಿದವರೆಷ್ಟು. ಯಾರೂ ಏನೂ ಹೇಳಿಕೊಂಡಿಲ್ಲ ಎಂದಾದರೆ ಜಾಹೀರಾತಿನ ಮಾತನ್ನು, ಪ್ರಶ್ನೆಯ ಮಾತನ್ನು ಮತ್ತೆ ಓದಿ. ಯಾರಾದರೂ ಕೆಲಸ ಬಿಟ್ಟು ಹೊರಡುವಾಗ ಕೊಡುವ ಅನುಭವ ಪತ್ರದಲ್ಲಿ ಅವಧಿ, ಹುದ್ದೆ, ಮಾಡಿದ ಕೆಲಸ ಇರಲಿ. ಹಳೆಯ ಪ್ರಕರಣದ ಸುಳಿವೂ ಬೇಡ. ಮುಂದಿನ ಸಂಸ್ಥೆಯವರು ಫೋನ್ ಮಾಡಿ ಕೇಳಿದರೂ ಅಷ್ಟನ್ನೇ ಹೇಳಿ.